ಪರ್ಣಕುಟೀರದ ಅತಿಥಿಗಳು

ಗಿಡಿ ದಾರ್ ನಿರ್ದೇಶಿಸಿದ ‘ಉಶ್ಪಿಝಿನ್’ (2004) ಎಂಬ ಹೀಬ್ರೂ ಚಲನಚಿತ್ರವನ್ನು ಪತಿಪತ್ನಿಯರು ಜೊತೆಯಾಗಿ ಕುಳಿತು ನೋಡಬೇಕು. ಶೀರ್ಷಿಕೆಯ ಅರ್ಥ ‘ಅತಿಥಿಗಳು’. ಮೋಶೆ ಮತ್ತು ಮಲ್ಲಿ ಜೆರುಸಲೇಮಿನ ಬಡ ಯೆಹೂದ್ಯ ದಂಪತಿ. ಮಕ್ಕಳಿಲ್ಲ, ಪರ್ಣಕುಟೀರಗಳ ಹಬ್ಬಕ್ಕೆ ಕೈಯಲ್ಲಿ ಕಾಸೂ ಇಲ್ಲ. ಪ್ರಾರ್ಥಿಸುತ್ತಾರೆ, ಅನಿರೀಕ್ಷಿತವಾಗಿ ಹಣ ಬರುತ್ತದೆ. ಹಬ್ಬದ ವಿಧಿಗೆ ಬೇಕಾದ ಮಾದಲಹಣ್ಣೊಂದನ್ನು ಮೋಶೆ ಸಾವಿರ ಶೆಕೆಲ್ ತೆತ್ತು ತರುತ್ತಾನೆ. ಕುಟೀರಕ್ಕೆ ಅತಿಥಿಗಳೂ ಬರುತ್ತಾರೆ: ತಲೆಮರೆಸಿಕೊಂಡ ಇಬ್ಬರು ಕೈದಿಗಳು. ಅವರಲ್ಲೊಬ್ಬ ಆ ಹಣ್ಣನ್ನು ನಿಂಬೆಯೆಂದು ಬಗೆದು ಕತ್ತರಿಸಿಬಿಡುತ್ತಾನೆ.

ಚಿತ್ರದ ನಿಜವಾದ ಪವಾಡ ಇಲ್ಲಿದೆ. ಹಿಂದೊಮ್ಮೆ ಮುಂಗೋಪಿಯಾಗಿದ್ದ ಮೋಶೆ ಕೈಯೆತ್ತುವುದಿಲ್ಲ. ಹೊರಗೆ ಓಡಿ ದೇವರ ಮುಂದೆ ಗೋಳಿಡುತ್ತಾನೆ. ಬಾಗಿಲಿಗೆ ಬಂದ ಹಣಕ್ಕಿಂತ ಈ ಸಂಯಮ ದೊಡ್ಡದು. ಈ ಪಾತ್ರಗಳಲ್ಲಿ ನಟಿಸಿದವರು ಆಗ ನಿಜಜೀವನದಲ್ಲೂ ಸತಿಪತಿಗಳಾಗಿದ್ದುದರಿಂದ ಅವರ ಮುನಿಸು, ಮಮತೆಗಳೆರಡೂ ಸಹಜವಾಗಿವೆ.

ನನ್ನ ಆಕ್ಷೇಪ ಒಂದೇ. ಕೊನೆಗೆ ಮಗು ಹುಟ್ಟುತ್ತದೆ. ಹುಟ್ಟದೆ ಹೋಗಿದ್ದರೆ? ವರ್ಷಗಟ್ಟಲೆ ಪ್ರಾರ್ಥಿಸಿಯೂ ತೊಟ್ಟಿಲು ಕಟ್ಟದ ದಂಪತಿಗಳು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಅವರ ವಿಶ್ವಾಸದಲ್ಲಿ ಕೊರತೆಯಿದೆಯೆಂದು ಯಾರೂ ಎಣಿಸದಿರಲಿ. ಮಕ್ಕಳ ಮಾತೆತ್ತದೆ, ಒಮ್ಮೆ ಅವರ ಮನೆಗೆ ಅತಿಥಿಗಳಾಗಿ ಹೋಗೋಣ.