ಬಣ್ಣನೆಯೂ ಬೇಕು, ಬಸ್ಸಿನ ವೇಳೆಯೂ ಬೇಕು

ನಮ್ಮ ಪ್ರವಾಸ ಸಾಹಿತ್ಯಕ್ಕೆ ಬಡತನವೇನಿಲ್ಲ. ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ವನ್ನೋದಿ ಊರು ಬಿಡದವರೂ ಯುರೋಪನ್ನು ಕಂಡರು. ಆದರೆ ಶಿವಮೊಗ್ಗದ ಗಾಂಧಿ ಬಜಾರಿನ ಗುಮಾಸ್ತನೊಬ್ಬ ಹೆಂಡತಿ ಮಕ್ಕಳೊಡನೆ ಬೆಟ್ಟಕ್ಕೆ ಹೊರಟರೆ ಅವನ ಕೈಗೆ ಯಾವ ಪುಸ್ತಕ ಕೊಡೋಣ?

ಆಲ್ಪ್ಸ್ ದೂರವಿರಲಿ, 1343 ಮೀಟರ್ ಎತ್ತರದ ಕೊಡಚಾದ್ರಿ ನಮ್ಮ ಜಿಲ್ಲೆಯಲ್ಲೇ ಇದೆ. ಭಕ್ತನಿಗೆ ಅಲ್ಲಿ ಸರ್ವಜ್ಞಪೀಠ, ಸಸ್ಯಪ್ರಿಯನಿಗೆ ಶೋಲಾ ಕಾಡು, ನಡೆಯಬಲ್ಲವನಿಗೆ ಕಾಲುದಾರಿ, ಕಾಸುಳ್ಳವನಿಗೆ ಜೀಪು. ಈ ನಾಲ್ವರನ್ನೂ ಒಂದೇ ‘ರಮ್ಯ ನೋಟ’ದಲ್ಲಿ ಮುಗಿಸುವ ಬರಹ ಯಾರಿಗೂ ದಾರಿ ತೋರಿಸದು. ಖರ್ಚಿನ ಮಾತು ಸಾಹಿತ್ಯಕ್ಕೆ ಕೀಳೆಂದು ಬಿಟ್ಟ ಲೇಖಕ, ಬಡ ಓದುಗನನ್ನೂ ಬೆಟ್ಟದ ಬುಡದಲ್ಲೇ ಬಿಟ್ಟಂತೆ. ಬಣ್ಣನೆಯ ಜೊತೆಗೆ ಬಸ್ಸಿನ ವೇಳೆಯನ್ನೂ ಬರೆದರೆ ಅವನ ಕೀರ್ತಿಗೇನೂ ಕುಂದಿಲ್ಲ. ಓದುಗನಿಗೆ ಶಿಖರವಾದರೂ ಸಿಕ್ಕೀತು.