ಏಳು ದಿನದ ಊರು

ನವಲಗುಂದ ಸೀಮೆಯ ಒಂದು ದೊಡ್ಡ ಊರಿಗೆ, ಮೊರಬ ಅಂತಲೇ ಇಟ್ಟುಕೊಳ್ಳಿ, ಹುಬ್ಬಳ್ಳಿ-ಧಾರವಾಡದ ಕಾಲೇಜಿನ ಎನ್ನೆಸ್ಸೆಸ್ ಶಿಬಿರ ಬಂತೆಂದರೆ ಅದು ಇಳಿಯುವುದು ಸರ್ಕಾರಿ ಸಾಲಿಯಲ್ಲಿ, ಇಲ್ಲವೇ ಸಮುದಾಯ ಭವನದಲ್ಲಿ. ಬೆಳಿಗ್ಗೆ ಪ್ರಭಾತಫೇರಿ, ಆಮೇಲೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ಸಂಜೆ ಮನರಂಜನೆ. ಏಳನೇ ದಿನ ಸಮಾರೋಪ, ಹಾರ, ಶಾಲು, ಗುಂಪು ಫೋಟೊ. ಗಟಾರು ಸ್ವಚ್ಛವಾಗಿರುತ್ತದೆ, ನಾಲ್ಕು ಗಿಡ ನೆಟ್ಟಿರುತ್ತಾರೆ. ಅದನ್ನು ಹಗುರ ಮಾಡಬೇಕಿಲ್ಲ. ಆದರೆ ವಾರವಿಡೀ ಊರಲ್ಲಿದ್ದವರು ಒಂದು ಮನೆಯ ಒಲೆಯನ್ನೂ ನೋಡದೆ ಬಸ್ಸು ಹತ್ತುತ್ತಾರೆ.

ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು ಶುರುವಾದದ್ದು ಈ ಎನ್ನೆಸ್ಸೆಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ. ತಾನು ದುಡಿಯುವ ಸಮುದಾಯವನ್ನು ವಿದ್ಯಾರ್ಥಿ ಅರಿಯಬೇಕೆಂಬುದು ಅದರ ಮೊದಲ ಉದ್ದೇಶ. ಈಗ ಗಟ್ಟಿಯಾಗಿ ಉಳಿದಿರುವುದು ಲೆಕ್ಕ: ಎರಡು ವರ್ಷಕ್ಕೆ 240 ತಾಸು ಸೇವೆ, ಒಂದು ಶಿಬಿರ, ಕೈಗೊಂದು ಪ್ರಮಾಣಪತ್ರ.

ಜನವರಿ-ಫೆಬ್ರುವರಿಯಲ್ಲಿ ಬಂದ ಶಿಬಿರಕ್ಕೆ ಯರಿಹೊಲದಲ್ಲಿ ಕಡಲೆ ಸುಗ್ಗಿ ಎದುರಾಗುತ್ತದೆ. ಬಿಸಿಲೇರಿದರೆ ಒಣಗಿದ ಕಾಯಿ ಉದುರುತ್ತದೆ, ಹಾಗಾಗಿ ಇಬ್ಬನಿ ಆರುವ ಮುಂಚೆಯೇ ಹೆಣ್ಣುಮಕ್ಕಳು ಹೊಲದಲ್ಲಿರಬೇಕು. ಗಿಡದ ಹುಳಿ ಬೆರಳ ಸಂದಿಯಲ್ಲಿ ಉರಿಯುತ್ತದೆ; ಕೈಗೆ ಅರಿವೆ ಸುತ್ತಿಕೊಂಡು ಕೀಳುತ್ತಾರೆ. ಅದೇ ಹೊತ್ತಿಗೆ ಪ್ರಭಾತಫೇರಿ ಘೋಷಣೆ ಕೂಗುತ್ತ ಓಣಿ ದಾಟುತ್ತದೆ. ಕೇಳಲು ಮುದುಕರು, ಕೂಸುಗಳು. ಮಧ್ಯಾಹ್ನ ಗ್ರಾಮೀಣ ಮಹಿಳೆಯರ ಆರೋಗ್ಯ ಕುರಿತ ಉಪನ್ಯಾಸಕ್ಕೆ ಸಾಲಿ ಮಕ್ಕಳನ್ನೇ ತಂದು ಕೂಡಿಸಬೇಕಾಗುತ್ತದೆ. ಶಿಬಿರಾರ್ಥಿ ಯಾರದೋ ಪಡಸಾಲೆಯಲ್ಲಿ ಮಲಗಿದ್ದಿದ್ದರೆ ನಸುಕಿನಲ್ಲೇ ಬುತ್ತಿ ಹಿಡಿದು ಮನೆಯವರ ಬೆನ್ನುಹತ್ತುತ್ತಿದ್ದಳು.

ಹೀಗೆ ಮನೆಯಲ್ಲೇ ಉಳಿಯುವುದು ಬೇರೆಡೆ ಹೊಸತಲ್ಲ. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತದಲ್ಲಿ ಹೊರದೇಶದ ಸ್ವಯಂಸೇವಕರನ್ನು ಜುಲು ಕುಟುಂಬಗಳ ಮನೆಯಲ್ಲೇ ಇರಿಸುವ ರೂಢಿಯಿದೆ. ಊಟಕ್ಕೆ ಮೆಕ್ಕೆಜೋಳದ ಹಿಟ್ಟು ಬೇಯಿಸಿದ ಪುಡಿಪುಡಿ ಉಪುತು, ಜೊತೆಗೆ ಹುಳಿಹಾಲು ಅಮಾಸಿ. ಸಾಂಪ್ರದಾಯಿಕ ಜುಲು ವಸತಿಯಲ್ಲಿ ದನದ ದೊಡ್ಡಿ ನಡುವೆ, ಗುಡಿಸಲುಗಳು ಸುತ್ತ. ದನ ಕಟ್ಟುವ ದಂದಕ್ಕಿ ದಾಟಿಯೇ ಪಡಸಾಲೆ ಏರಬೇಕಾದ ನಮ್ಮ ಹಳೆಯ ಮಾಳಿಗೆಮನೆ ಬಲ್ಲವರಿಗೆ ಅದು ಪರಕೀಯ ಅನ್ನಿಸದು. ಅಲ್ಲಿಯೂ ಸೋಗಿಗೆ ಕೊರತೆಯಿಲ್ಲ. ಎಶೋವೆ ಹತ್ತಿರದ ಶಾಕಾಲ್ಯಾಂಡ್ 1986ರ 'ಶಾಕಾ ಜುಲು' ಟಿವಿ ಧಾರಾವಾಹಿಗೆ ಹಾಕಿದ್ದ ಸೆಟ್ಟು. ಮುಂದೆ ಅದೇ ಪ್ರವಾಸಿಗರ 'ಜುಲು ಹಳ್ಳಿ' ಆಯಿತು. (ನಮ್ಮ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನ ಸಿಮೆಂಟು ಮಂದಿ ತಾವು ಗೊಂಬೆಗಳೆಂಬುದನ್ನಾದರೂ ಮುಚ್ಚಿಡುವುದಿಲ್ಲ.) ಆದರೂ ಒಂದೇ ಸೂರಿನಡಿ ನಾಲ್ಕು ದಿನ ಕಳೆದ ಮೇಲೆ ಸೋಗು ಹೆಚ್ಚು ಹೊತ್ತು ನಿಲ್ಲದು. ದುಡ್ಡು ಕೊಟ್ಟು ಬಂದ ಅತಿಥಿಗೂ ಮನೆಯ ಜಗಳ, ನೀರಿನ ಕೊಡ, ಮಗುವಿನ ಜ್ವರ ಕಂಡೇ ಕಾಣುತ್ತವೆ.

ಹಾಗಾದರೆ ನಮ್ಮ ಶಿಬಿರ ಮನೆಗೇಕೆ ಹೋಗುವುದಿಲ್ಲ? ಜಾಗದ ಅಡಚಣೆ, ಹುಡುಗಿಯರ ಸುರಕ್ಷತೆ ಎನ್ನುತ್ತಾರೆ. ಸುಳ್ಳಲ್ಲ. ಬಾಯಿಬಿಟ್ಟು ಹೇಳದ ಕಾರಣವೆಂದರೆ 'ನೀವು ಯಾರ ಪೈಕಿ?' ಎಂಬ ಪ್ರಶ್ನೆ. ಸಾಲಿ ವರಾಂಡದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಶಿಬಿರದ ದೊಡ್ಡ ಗುಣ ಅದು. ಮನೆಮನೆಗೆ ಹಂಚಿದರೆ ಯಾರಿಗೆ ಅಡುಗೆಮನೆ, ಯಾರಿಗೆ ಹೊರಗಿನ ಕಟ್ಟೆ ಎಂಬುದು ಮೊದಲ ರಾತ್ರಿಯೇ ಬಯಲಾದೀತು. ಜುಲುಗಳೂ ಹಿಂದೆ ಅಮಾಸಿಯನ್ನು ಸ್ವಂತ ಕುಲದವರೊಂದಿಗೆ ಮಾತ್ರ ಹಂಚಿಕೊಳ್ಳುತ್ತಿದ್ದರು. ಈಗ ಅದು ಅಂಗಡಿಯಲ್ಲಿ ಎಲ್ಲರಿಗೂ ಸಿಗುತ್ತದೆ. ನಮ್ಮಲ್ಲಿ ಸಾಲಿಯ ಕಂಪೌಂಡು ಶಿಬಿರವನ್ನು ಈ ಮುಜುಗರದಿಂದ ಕಾಯುತ್ತದೆ, ಊರನ್ನೂ ಕಾಯುತ್ತದೆ. ಸಮುದಾಯದ ಅರಿವು ಅಂದದ್ದು ಈ ಮುಜುಗರವನ್ನು ಎದುರಿಸುವುದನ್ನೇ ಅಲ್ಲವೇ?

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅಂತಿಮ ವರ್ಷದವರ ಗ್ರಾಮೀಣ ಕೃಷಿ ಕಾರ್ಯಾನುಭವ ಈ ಶಿಬಿರಕ್ಕಿಂತ ಎಷ್ಟೋ ಮೇಲು. ವಿದ್ಯಾರ್ಥಿಗೆ ಆತಿಥೇಯ ರೈತನೊಬ್ಬನಿರುತ್ತಾನೆ, ವಾರಗಟ್ಟಲೆ ಹೊಲದ ಒಡನಾಟವಿರುತ್ತದೆ. ಬೀಜ-ಗೊಬ್ಬರದ ಸಾಲ ಎಷ್ಟೆಂದು ರೈತ ಬಾಯಿಬಿಡಲು ಅಷ್ಟು ಸಮಯವಾದರೂ ಬೇಕು.

ಎನ್ನೆಸ್ಸೆಸ್‌ಗೆ ಅಷ್ಟು ದಿನ ಸಿಗದು. ಏಳರಲ್ಲಿ ಎರಡು ರಾತ್ರಿ ಮನೆಗಳಿಗೆ ಬಿಡಲಿ. ಮನೆಗಳನ್ನು ಊರ ಪ್ರಮುಖರು ಆರಿಸುವುದು ಬೇಡ, ಎಲ್ಲ ಕೇರಿಗಳ ಹೆಸರು ಬರೆದು ಚೀಟಿ ಎತ್ತಲಿ. ಊಟದ ಖರ್ಚು ರೊಟ್ಟಿ ಬಡಿದವಳ ಕೈಗೇ ಸೇರಲಿ; ಸಮಾರೋಪದ ಹಾರ-ಶಾಲಿನ ದುಡ್ಡು ಉಳಿಸಿದರೆ ಅದಕ್ಕೆ ಸಾಕಾದೀತು.