ದುರ್ಗದೊಳಗಿನ ಭೂಮಿ

ವಿಹಾರೋದ್ಯಾನಗಳನ್ನು ಸುತ್ತುವುದನ್ನೇ ಒಂದು ಅಭಿರುಚಿಯಾಗಿ ಬೆಳೆಸಿಕೊಂಡವರು ಜಪಾನಿಗೆ ಹೋದರೆ, ಟೋಕಿಯೋ ಕೊಲ್ಲಿಯ ತೀರದ ಉರಯಾಸುವಿನಲ್ಲಿರುವ ಟೋಕಿಯೋ ಡಿಸ್ನಿಸೀಯನ್ನು ನೋಡದೆ ಮರಳುವುದಿಲ್ಲ. ಆದರೆ ಹಾಗೆ ಹೋದವರಲ್ಲಿ ಬಹುಮಂದಿ, ಬಾಗಿಲು ತೆರೆದೊಡನೆಯೇ ಸವಾರಿಗಳ ಸರದಿಗೆ ಧಾವಿಸಿ, ಅಲ್ಲಿನ ಅತ್ಯುತ್ತಮವಾದುದನ್ನು ಕಾಣದೆಯೇ ಹಿಂದಿರುಗುತ್ತಾರೆಂಬುದು ನನಗೆ ಬಹುಕಾಲದಿಂದ ಇರುವ ಖೇದ.

ಹಿಂದೆ ಬೆಸ್ತರು ಚಿಪ್ಪುಮೀನನ್ನೂ ಕಡಲಪಾಚಿಯನ್ನೂ ಸಂಗ್ರಹಿಸುತ್ತಿದ್ದ ಊರಿನ ಮುಂದಣ ಸಮುದ್ರವನ್ನು ತುಂಬಿ ಪಡೆದ ನೆಲದ ಮೇಲೆ, ಸಮುದ್ರಯಾನವನ್ನೇ ವಸ್ತುವಾಗಿಟ್ಟುಕೊಂಡ ಈ ಉದ್ಯಾನವು 2001ರ ಸೆಪ್ಟೆಂಬರ್ 4ರಂದು ತೆರೆಯಿತು. ಏಳು ಬಂದರುಗಳಾಗಿ ವಿಂಗಡವಾಗಿದ್ದ ಇದಕ್ಕೆ 2024ರಲ್ಲಿ ಎಂಟನೆಯದೂ ಸೇರಿತು. ಒಳಹೊಕ್ಕವರಿಗೆ ಮೊದಲು ಎದುರಾಗುವುದು ಇಟಲಿಯ ರೇವುಪಟ್ಟಣ. ನೀರಿನಾಚೆ 51 ಮೀಟರು ಎತ್ತರದ ಪ್ರೊಮಿಥಿಯಸ್ ಎಂಬ ಕೃತಕ ಜ್ವಾಲಾಮುಖಿ. ಅದರ ಬುಡದಲ್ಲಿ ದುರ್ಗ.

ಆ ದುರ್ಗವೇ ನನ್ನ ಪಾಲಿಗೆ ಇಡೀ ಉದ್ಯಾನದ ಹೃದಯ. ಅಲ್ಲಿ ಸಾಮಾನ್ಯವಾಗಿ ಸರದಿಯಿಲ್ಲ, ಅವಸರವಿಲ್ಲ. ಒಂದು ಕೋಣೆಯಲ್ಲಿ ಸೂರ್ಯನ ಸುತ್ತ ಗ್ರಹಗೋಲಗಳನ್ನು ಜೋಡಿಸಿ, ನೋಡುವವರೇ ಹಿಡಿಕೆಯನ್ನು ತಿರುಗಿಸಿ ಅವನ್ನು ಚಲಿಸುವಂತೆ ಮಾಡಿದ್ದಾರೆ. ಮಗುವೊಂದು ಎರಡು ಕೈಯಲ್ಲೂ ಹಿಡಿಕೆಯನ್ನು ಹಿಡಿದು ಗ್ರಹವನ್ನು ಅದರ ಪಥದಲ್ಲಿ ನಡೆಸುವಾಗ ಅದರ ಮುಖದಲ್ಲಿ ಮೂಡುವ ಗಾಂಭೀರ್ಯವನ್ನು ಯಾವ ವೇಗದ ಬಂಡಿಯೂ ಮೂಡಿಸಲಾರದು. ಇನ್ನೊಂದು ಗೋಪುರದಲ್ಲಿ ಫೂಕೋನ ಲೋಲಕವುಂಟು. ಉದ್ದನೆಯ ತಂತಿಗೆ ತೂಗುಬಿಟ್ಟ ಗುಂಡು ಆಡುವ ದಿಕ್ಕು ಹೊತ್ತಿನಿಂದ ಹೊತ್ತಿಗೆ ಹೊರಳಿದಂತೆ ಕಾಣುವುದಕ್ಕೆ ಕಾರಣ, ಅದರ ಕೆಳಗೆ ಭೂಮಿಯೇ ತಿರುಗುತ್ತಿರುವುದು. ಧ್ರುವದಲ್ಲಿ ಒಂದು ದಿನದೊಳಗೆ ಮುಗಿಯುವ ಆ ಸುತ್ತಿಗೆ ಟೋಕಿಯೋದ ಅಕ್ಷಾಂಶದಲ್ಲಿ ಸುಮಾರು 41 ಗಂಟೆ ಹಿಡಿಯುತ್ತದೆ. ಯೂರೋಪಿನ ನವೋದಯ ಕಾಲದ್ದೆಂದು ತೋರಿಸಿಕೊಳ್ಳುವ ಕೋಟೆಯಲ್ಲಿ, ಪ್ಯಾರಿಸಿನಲ್ಲಿ 1851ರಲ್ಲಿ ಪ್ರಸಿದ್ಧಿಗೆ ಬಂದ ಪ್ರಯೋಗವನ್ನು ಇಟ್ಟಿರುವುದು ಕಾಲಕ್ರಮಕ್ಕೆ ಸಲ್ಲದು, ನಿಜ. ಆದರೆ ವಿನೋದಕ್ಕೆಂದು ಬಂದವರ ಕಣ್ಣೆದುರಿಗೆ ಭೂಮಿಯ ಭ್ರಮಣವನ್ನೇ ತಂದು ನಿಲ್ಲಿಸಿದವರ ಔದಾರ್ಯದ ಮುಂದೆ ಆ ದೋಷವನ್ನು ಎಣಿಸಲು ನನಗೆ ಮನಸ್ಸು ಬಾರದು. ಕೆಳಗೆ ನೀರಿನಲ್ಲಿ ನಿಂತ ಹಾಯಿಹಡಗಿನ ಮೇಲೂ ಹತ್ತಿ ಓಡಾಡಬಹುದು.

ಜ್ವಾಲಾಮುಖಿಯ ಕುಹರದೊಳಗೆ ಜೂಲ್ಸ್ ವರ್ನನ ನಾಯಕ ನೀಮೋನ ನೆಲೆಯಿದೆ. ಅರಬ್ಬೀ ತೀರದಲ್ಲಿ ಸಿಂದಬಾದನ ಕಥೆಯನ್ನು ಬೊಂಬೆಗಳು ಹಾಡುತ್ತ ಹೇಳುತ್ತವೆ. ಇವೆರಡನ್ನೂ ಬಿಡಬಾರದು. ಅಮೆರಿಕದ ರೇವಿನಲ್ಲಿ ಕೊಲಂಬಿಯಾ ಎಂಬ ಭಾರಿ ಉಗಿಹಡಗು ಇಪ್ಪತ್ತನೆಯ ಶತಮಾನದ ಆದಿಯ ನ್ಯೂಯಾರ್ಕನ್ನು ನೆನಪಿಸುತ್ತ ನಿಂತಿದೆ. ಅದರ ಮೇಲಟ್ಟಕ್ಕೆ ಹತ್ತಿದರೆ ಬೇಲಿಯಾಚೆಗೆ ನಿಜವಾದ ಕೊಲ್ಲಿಯೇ ಕಾಣುತ್ತದೆ, ಕಟ್ಟಿದ ಬಂದರು ಎಲ್ಲಿ ಮುಗಿದು ಸಮುದ್ರ ಎಲ್ಲಿ ಮೊದಲಾಯಿತೆಂಬುದು ಒಂದು ಕ್ಷಣ ತೋಚದಂತೆ. ಆದುದರಿಂದ ಹೋಗುವವರು ಬೆಳಗಿನ ಜನಸಂದಣಿ ಸವಾರಿಗಳ ಕಡೆಗೆ ಹರಿದಾಗ ದುರ್ಗವನ್ನು ಹೊಕ್ಕು, ಹಡಗನ್ನು ಸಂಜೆಗೆ ಉಳಿಸಿಕೊಳ್ಳಲಿ. ಸವಾರಿಗಳಲ್ಲಿ ಒಂದೆರಡು ತಪ್ಪಿಹೋದರೂ ಚಿಂತೆಯಿಲ್ಲ.